ಅಕ್ಕಡಿ ಸಾಲಿನಿಂದ ಗೋದಲಿಗೆ: ಹೈನುರಾಸುಗಳ ಮೇವು ಮತ್ತು ಜನಪದರ ತಿಳಿವಳಿಕೆ

ಕರ್ನಾಟಕದ ಜನಪದ ಬದುಕಿನಲ್ಲಿ ದನಕರುಗಳಿಗೆ ಇರುವ ಸ್ಥಾನವನ್ನು ನಮ್ಮ ವಿದ್ವಾಂಸರು ಹಲವು ನೆಲೆಗಳಲ್ಲಿ ಗುರುತಿಸಿದ್ದಾರೆ. ಕಾಡುಗೊಲ್ಲರ ಜುಂಜಪ್ಪನ ಕಾವ್ಯ, ಮ್ಯಾಸಬೇಡರ ದೇವರ ಎತ್ತುಗಳು, ಉತ್ತರ ಕರ್ನಾಟಕದ ಕಾರಹುಣ್ಣಿಮೆ, ಹಳೆಯ ಮೈಸೂರು ಸೀಮೆಯ ಸಂಕ್ರಾಂತಿಯ ಕಿಚ್ಚು ಹಾಯಿಸುವ ಆಚರಣೆ, ಇವೆಲ್ಲ ಅಧ್ಯಯನಕ್ಕೆ ಒಳಗಾಗಿವೆ. ಆದರೆ ಹಬ್ಬದ ದಿನ ಕೊಂಬಿಗೆ ಬಣ್ಣ ಹಚ್ಚಿಸಿಕೊಂಡ ರಾಸು ಉಳಿದ ದಿನಗಳಲ್ಲಿ ಏನನ್ನು ಮೇಯುತ್ತಿತ್ತು, ಆ ಮೇವನ್ನು ಯಾರು ಹೇಗೆ ಹೊಂದಿಸುತ್ತಿದ್ದರು ಎಂಬ ಪ್ರಶ್ನೆಗೆ ಅಷ್ಟು ಗಮನ ಸಂದಿಲ್ಲ. ಹಾಲಿನ ಉತ್ಪಾದನಾ ವೆಚ್ಚದಲ್ಲಿ ಸುಮಾರು ಶೇ. 60ರಿಂದ 70ರಷ್ಟು ಮೇವು ಮತ್ತು ಪಶು ಆಹಾರಕ್ಕೇ ಹೋಗುವುದರಿಂದ ಈ ಪ್ರಶ್ನೆ ಇಂದು ಸಣ್ಣ ರೈತ ಕುಟುಂಬಗಳ ಅಳಿವು ಉಳಿವಿನ ಪ್ರಶ್ನೆಯೂ ಆಗಿದೆ. ರಾಗಿ ಸೀಮೆಯ ಮೇವಿನ ಪದ್ಧತಿಯನ್ನು ಆಧುನಿಕ ಪಶು ಪೋಷಣಾ ಶಾಸ್ತ್ರದ ಬೆಳಕಿನಲ್ಲಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೇವಿನ ಯೋಜನೆ ನಮ್ಮ ನಾಡಿಗೆ ಹೊಸದಲ್ಲ. ಚಿಕ್ಕದೇವರಾಜ ಒಡೆಯರ (1672–1704) ಕಾಲದಲ್ಲಿ ಅರಮನೆಗೆ ಹಾಲು ಬೆಣ್ಣೆ ಒದಗಿಸಲು ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ಇತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ ಅದಕ್ಕೆ ‘ಅಮೃತ ಮಹಲ್’ ಎಂಬ ಹೆಸರು ಬಂದಿತು. ಈ ರಾಸುಗಳಿಗೆಂದು ಮೀಸಲಿಟ್ಟ ಹುಲ್ಲುಗಾವಲುಗಳೇ ಕಾವಲುಗಳು. ಬೇಸಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಅವುಗಳನ್ನು ವಿಂಗಡಿಸಿ, ಋತುವಿಗೆ ತಕ್ಕಂತೆ ಮಂದೆಗಳನ್ನು ಸಾಗಿಸಲಾಗುತ್ತಿತ್ತು. ಅಮೃತ ಮಹಲ್ ತಳಿ ಮುಖ್ಯವಾಗಿ ದುಡಿಮೆಯ ತಳಿ, ಹಾಲು ಕಡಿಮೆ. ಆದರೂ ಒಂದು ನೆಲ ಚೇತರಿಸಿಕೊಳ್ಳುವವರೆಗೆ ಇನ್ನೊಂದು ನೆಲದಲ್ಲಿ ಮೇಯಿಸಬೇಕೆಂಬ ತತ್ವ ಅಲ್ಲಿ ಆಡಳಿತದ ನಿಯಮವೇ ಆಗಿದ್ದುದು ಗಮನಾರ್ಹ. ಇಪ್ಪತ್ತನೆಯ ಶತಮಾನದಲ್ಲಿ ಕಾವಲುಗಳ ಬಹುಭಾಗ ಬೇಸಾಯಕ್ಕೂ ಇತರ ಉದ್ದೇಶಗಳಿಗೂ ಹಂಚಿಹೋಯಿತು. ಊರ ಗೋಮಾಳಗಳೂ ಕುಗ್ಗಿದವು. ಮೇಯುವ ನೆಲ ಕಡಿಮೆಯಾದಂತೆ ರಾಸು ಕೊಟ್ಟಿಗೆಗೆ ಸೀಮಿತವಾಯಿತು. ಅದರ ಹೊಟ್ಟೆಯ ಭಾರ ಪೂರ್ತಿಯಾಗಿ ಹೊಲದ ಮೇಲೆ ಬಿದ್ದಿತು.

ಈ ಭಾರವನ್ನು ಹೊತ್ತ ಪದ್ಧತಿಯೇ ಅಕ್ಕಡಿ. ತುಮಕೂರು, ಕೋಲಾರ, ಮಂಡ್ಯ, ಬೆಂಗಳೂರು ಗ್ರಾಮಾಂತರ ಮೊದಲಾದ ಸೀಮೆಗಳಲ್ಲಿ ರಾಗಿ ಹೊಲದ ನಡುನಡುವೆ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಜೋಳಗಳ ಸಾಲು ಹಾಕುವುದನ್ನು ಅಕ್ಕಡಿ ಎನ್ನುತ್ತಾರೆ. ಇದನ್ನು ಸಾಮಾನ್ಯವಾಗಿ ಮನೆಯ ಊಟದ ವೈವಿಧ್ಯದ ದೃಷ್ಟಿಯಿಂದ ವಿವರಿಸುವುದುಂಟು. ಆದರೆ ಅಕ್ಕಡಿಯ ಅರ್ಧ ಫಲ ಗೋದಲಿಗೆ ಸೇರುವಂಥದು. ಜೋಳ ಹಸಿಮೇವಾಗುತ್ತದೆ, ಅವರೆ, ತೊಗರಿ, ಅಲಸಂದೆಗಳ ಸೊಪ್ಪು, ಸಿಪ್ಪೆ, ಹೊಟ್ಟುಗಳು ರಾಗಿ ಹುಲ್ಲಿನೊಡನೆ ಸೇರುತ್ತವೆ, ಹುಚ್ಚೆಳ್ಳನ್ನು ಗಾಣಕ್ಕೆ ಕೊಟ್ಟರೆ ಎಣ್ಣೆ ಮನೆಗೆ, ಹಿಂಡಿ ಹಸುವಿಗೆ. ಕಳೆ ಕಿತ್ತ ಹೆಂಗಸರು ಸಂಜೆ ಮಡಿಲಲ್ಲಿ ತರುವ ಹಸಿ ಹುಲ್ಲೂ ಇದೇ ಲೆಕ್ಕಕ್ಕೆ ಸೇರುತ್ತದೆ.

ಈ ಬೆರಕೆಯ ಮಹತ್ವ ತಿಳಿಯಲು ಹಸುವಿನ ಹೊಟ್ಟೆಯ ಕ್ರಮವನ್ನು ಅರಿಯಬೇಕು. ಮೆಲುಕು ಹಾಕುವ ಪ್ರಾಣಿಯ ಮೊದಲ ಹೊಟ್ಟೆಯಲ್ಲಿ ಅಸಂಖ್ಯ ಸೂಕ್ಷ್ಮಜೀವಿಗಳಿವೆ. ಹುಲ್ಲಿನ ನಾರನ್ನು ಒಡೆಯುವ ಕೆಲಸ ಅವುಗಳದು. ಅವು ವೃದ್ಧಿಯಾಗಲು ಸಾರಜನಕ ಬೇಕು. ಮೇವಿನ ಒಣ ತೂಕದಲ್ಲಿ ಪ್ರೋಟೀನಿನ ಪ್ರಮಾಣ ಸುಮಾರು ಶೇ. 7ಕ್ಕಿಂತ ಕೆಳಗಿಳಿದರೆ ಸೂಕ್ಷ್ಮಜೀವಿಗಳು ಸೊರಗುತ್ತವೆ, ನಾರು ಸರಿಯಾಗಿ ಕರಗುವುದಿಲ್ಲ, ಹಸು ತಿನ್ನುವ ಪ್ರಮಾಣವೇ ಇಳಿಯುತ್ತದೆ. ಭತ್ತದ ಹುಲ್ಲಿನಲ್ಲಾಗಲಿ ರಾಗಿ ಹುಲ್ಲಿನಲ್ಲಾಗಲಿ ಪ್ರೋಟೀನು ಸುಮಾರು ಶೇ. 3ರಿಂದ 4 ಮಾತ್ರ. ಇವೆರಡರಲ್ಲಿ ರಾಗಿ ಹುಲ್ಲು ಹೆಚ್ಚು ಜೀರ್ಣವಾಗುವಂಥದು. ಭತ್ತದ ಹುಲ್ಲಿನಲ್ಲಿ ಸಿಲಿಕಾ ಮತ್ತು ಆಕ್ಸಲೇಟ್ ಅಂಶ ಹೆಚ್ಚು. ಆದರೆ ಯಾವ ಒಣಹುಲ್ಲೂ ಒಂಟಿಯಾಗಿ ಹಾಲನ್ನು ತುಂಬಿಸಲಾರದು.

ಒಂದು ಅಂದಾಜು ಲೆಕ್ಕವನ್ನು ನೋಡಬಹುದು. ಸುಮಾರು 350 ಕಿಲೋ ತೂಗುವ ಹಸುವಿಗೆ ದಿನಕ್ಕೆ ತನ್ನ ತೂಕದ ಶೇ. 2.5ರಿಂದ 3ರಷ್ಟು, ಅಂದರೆ 9ರಿಂದ 10 ಕಿಲೋ ಒಣ ಪದಾರ್ಥ ಬೇಕು. ಇದೆಲ್ಲವೂ ರಾಗಿ ಹುಲ್ಲೇ ಆದರೆ ಪ್ರೋಟೀನು ಶೇ. 4ನ್ನು ಮೀರದು. ಅದರ ಬದಲು 6 ಕಿಲೋ ರಾಗಿ ಹುಲ್ಲು, ಶೇ. 10ರಷ್ಟು ಪ್ರೋಟೀನಿರುವ ದ್ವಿದಳದ ಒಣಮೇವು 2 ಕಿಲೋ, ಶೇ. 40ರಷ್ಟು ಪ್ರೋಟೀನಿರುವ ಕಡಲೆಕಾಯಿ ಹಿಂಡಿ 1 ಕಿಲೋ ಸೇರಿಸಿದರೆ ಕ್ರಮವಾಗಿ 240, 200, 400 ಗ್ರಾಂ, ಒಟ್ಟು 840 ಗ್ರಾಂ ಪ್ರೋಟೀನು ದೊರೆಯುತ್ತದೆ. ಒಂಬತ್ತು ಕಿಲೋ ಮೇವಿನಲ್ಲಿ ಇದು ಶೇ. 9ಕ್ಕೂ ಮಿಗಿಲು. ಹಿಂಡಿಯ ಲಾಭ ಹಿಂಡಿಯಷ್ಟೇ ಅಲ್ಲ. ಅದರ ಬಲದಿಂದ ಹುಲ್ಲೂ ಹೆಚ್ಚು ಕರಗುತ್ತದೆ. ಅಕ್ಕಡಿ ಹೊಲದ ಮೇವಿನ ಬೆರಕೆ ಶಾಸ್ತ್ರದ ಈ ಲೆಕ್ಕಕ್ಕೆ ಬಹಳ ಸಮೀಪದಲ್ಲಿದೆ.

ಕೊಟ್ಟಿಗೆಯ ಇತರ ನಡವಳಿಕೆಗಳಲ್ಲೂ ಇಂತಹ ವಿವೇಕವನ್ನು ಕಾಣಬಹುದು. ಬೆಳವಣಿಗೆ ಕುಂಠಿತವಾದ ಎಳೆಯ ಜೋಳಕ್ಕೂ, ಕೊಯ್ದ ಮೇಲೆ ಚಿಗುರಿದ ಕೂಳೆಗೂ ದನ ಬಿಡಬಾರದೆಂಬ ಕಟ್ಟಳೆಯಿದೆ. ಆ ಹಂತದಲ್ಲಿ ಜೋಳದಿಂದ ಪ್ರಾಣಕ್ಕೆ ಅಪಾಯ ತರುವ ಸಯನೈಡ್ ವಿಷ ಹುಟ್ಟುತ್ತದೆ. ಬೂಸ್ಟು ಹಿಡಿದ ಹಿಂಡಿಯನ್ನು ಕರೆಯುವ ಹಸುವಿಗೆ ಇಡಬಾರದೆನ್ನುತ್ತಾರೆ. ಬೂಸ್ಟಿನ ಅಫ್ಲಾಟಾಕ್ಸಿನ್ ವಿಷ ಹಾಲಿಗೂ ಇಳಿಯುತ್ತದೆ. ಹಸಿಮೇವು ಎಷ್ಟಿದ್ದರೂ ಒಂದು ಹೊರೆ ಒಣಹುಲ್ಲು ಇರಲೇಬೇಕು, ಇಲ್ಲವಾದರೆ ಹಾಲು ತೆಳುವಾಗುತ್ತದೆ ಎಂಬ ಮಾತು ಅಜ್ಜಿಯರ ಬಾಯಲ್ಲಿ ಸಾಮಾನ್ಯ. ನಾರು ಕರಗುವಾಗ ಹುಟ್ಟುವ ಅಸಿಟಿಕ್ ಆಮ್ಲವೇ ಹಾಲಿನ ಕೊಬ್ಬಿಗೆ ಮೂಲದ್ರವ್ಯವಾದ್ದರಿಂದ ಆ ಮಾತು ನಿಜ. ಕೊಬ್ಬು ಮತ್ತು ಘನಾಂಶಗಳನ್ನು ಅಳೆದು ದರ ಕೊಡುವ ಸಹಕಾರ ಸಂಘದ ಕಾಲದಲ್ಲಿ ಅದಕ್ಕೆ ಹಣದ ಬೆಲೆಯೂ ಇದೆ.

ಹಾಗೆಂದು ಹಳೆಯದೆಲ್ಲವೂ ಸಾಕೆನ್ನಲಾಗದು. 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ಮೊದಲ ಹಾಲು ಸಹಕಾರ ಸಂಘ ಆರಂಭವಾದಂದಿನಿಂದ ಹಸುವೇ ಬದಲಾಗಿದೆ. ದಿನಕ್ಕೆ ಎರಡು ಮೂರು ಲೀಟರ್ ಕೊಡುತ್ತಿದ್ದ ನಾಟಿ ಹಸುವಿನ ಮೇವು ಹತ್ತು ಲೀಟರ್ ಕೊಡುವ ಮಿಶ್ರತಳಿಗೆ ಸಾಲದು. ಮಿಶ್ರತಳಿಗೆ ದೇಹ ಪೋಷಣೆಯ ಮೇವಿನ ಜೊತೆಗೆ ಪ್ರತಿ ಎರಡೂವರೆ ಲೀಟರ್ ಹಾಲಿಗೆ ಸುಮಾರು 1 ಕಿಲೋ ಸಮತೋಲ ಪಶು ಆಹಾರ, ದಿನಕ್ಕೆ ಸುಮಾರು 50 ಗ್ರಾಂ ಖನಿಜ ಮಿಶ್ರಣ, ಬೇಕಾದಷ್ಟು ಶುದ್ಧ ನೀರು ಅವಶ್ಯ. ಕಲಗಚ್ಚು ಒಂದರಿಂದಲೇ ಖನಿಜದ ಕೊರತೆ ನೀಗದು. ಭತ್ತದ ಹುಲ್ಲೇ ಗತಿಯಾದಲ್ಲಿ 100 ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ ಸಮನಾಗಿ ಚಿಮುಕಿಸಿ, ಗಾಳಿಯಾಡದಂತೆ ಮೂರು ವಾರ ಮುಚ್ಚಿಡುವ ವಿಧಾನವಿದೆ. ಇದು ಮೆಲುಕು ಹಾಕುವ ವಯಸ್ಕ ರಾಸುಗಳಿಗೆ ಮಾತ್ರ, ಕರುಗಳಿಗೆ ಸಲ್ಲದು. ಮೇವನ್ನು ಕತ್ತರಿಸಿ ಹಾಕಿದರೆ ದಂಟು ವ್ಯರ್ಥವಾಗುವುದು ತಪ್ಪುತ್ತದೆ. ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆಯಂತಹ ಕೇಂದ್ರಗಳ ತಿಳಿವು ಕೊಟ್ಟಿಗೆಯನ್ನು ಮುಟ್ಟಬೇಕಾದುದು ಇಲ್ಲಿಯೇ.

ಕಳವಳದ ಸಂಗತಿಯೆಂದರೆ, ಈ ಎರಡು ತಿಳಿವುಗಳು ಸಂಧಿಸುವ ಮೊದಲೇ ಹಳೆಯದು ಕರಗುತ್ತಿದೆ. ರಾಗಿ, ಜೋಳ ಬೆಳೆಯುತ್ತಿದ್ದ ಎಷ್ಟೋ ಹೊಲಗಳನ್ನು ಮುಸುಕಿನ ಜೋಳ ಆಕ್ರಮಿಸಿದೆ. ಏಕಬೆಳೆಯಲ್ಲಿ ಅಕ್ಕಡಿಗೆ ಜಾಗವಿಲ್ಲ; ಕಟಾವು ಯಂತ್ರ ಹಾದ ಹೊಲದಲ್ಲಿ ಮೆದೆ ಒಟ್ಟುವಷ್ಟು ಹುಲ್ಲೂ ಉಳಿಯದು. ಬೆಳೆಯ ತಳಿಯನ್ನು ಕಾಳಿನ ಇಳುವರಿಯಿಂದಷ್ಟೇ ಅಳೆದುದರ ಫಲವಿದು. ರೈತ ಮಾತ್ರ ತೆನೆಯನ್ನೂ ಹುಲ್ಲನ್ನೂ ಒಟ್ಟಿಗೆ ತೂಗಿ ನೋಡುತ್ತಿದ್ದನು. ಅಕ್ಕಡಿ ತಪ್ಪಿದ ಮನೆಯವರು ಹೊಟ್ಟನ್ನೂ ಹಿಂಡಿಯನ್ನೂ ಕೊಂಡು ತರಬೇಕು. ಹಾಲಿನ ಹಣ ಬಂದ ದಾರಿಯಲ್ಲೇ ಮರಳುತ್ತದೆ.

ಆದ್ದರಿಂದ ಜಾನಪದ ಸಂಶೋಧಕರು ಹಟ್ಟಿಯ ಹಾಡನ್ನು ಸಂಗ್ರಹಿಸುವಷ್ಟೇ ಆಸ್ಥೆಯಿಂದ ಗೋದಲಿಯ ಮೇವನ್ನೂ ದಾಖಲಿಸಬೇಕಾಗಿದೆ. ಯಾವ ಸೀಮೆಯಲ್ಲಿ ಯಾವ ಹುಲ್ಲಿಗೆ ಏನು ಹೆಸರು, ಈದ ಹಸುವಿಗೆ ಏನು ಕೊಡುತ್ತಾರೆ, ಗಬ್ಬದ ಹಸುವಿಗೆ ಏನನ್ನು ತಡೆಯುತ್ತಾರೆ ಎಂಬುದು ಬಹುಮಟ್ಟಿಗೆ ಕೊಟ್ಟಿಗೆ ನೋಡಿಕೊಳ್ಳುವ ಹೆಣ್ಣುಮಕ್ಕಳ ನೆನಪಿನಲ್ಲಿದೆ. ಆ ನೆನಪನ್ನು ಕೇಳಿ ಬರೆದುಕೊಂಡು, ಪ್ರಯೋಗಾಲಯದಲ್ಲಿ ಒರೆಗೆ ಹಚ್ಚಿ, ನಿಂತುದನ್ನು ಉಳಿಸಿಕೊಂಡು ಸಾಲದುದನ್ನು ತುಂಬಿಕೊಳ್ಳುವುದು ಇಂದಿನ ಅಗತ್ಯ. ಹಾಗಾದಾಗ ಜಾನಪದ ಅಧ್ಯಯನವು ಅದನ್ನು ಪೊರೆದ ಜನರ ಬದುಕಿಗೆ ನೇರವಾಗಿ ಒದಗಿಬಂದೀತು.