ಒಂದು ಲ್ಯಾಟಿನ್ ವಿಶೇಷಣದ ಕಥೆ

ಹೊಸದು ಎಂಬ ಅರ್ಥದಲ್ಲಿ ಲ್ಯಾಟಿನ್ ಭಾಷೆಯಲ್ಲಿ 'ನೊವುಸ್' ಎಂಬ ವಿಶೇಷಣವುಂಟು. ಅದೇ ಅರ್ಥದ ಸಂಸ್ಕೃತ ಶಬ್ದ 'ನವಃ'. ಈ ಎರಡನ್ನೂ ಒಟ್ಟಿಗೆ ಕೇಳಿದವರಿಗೆ ಲ್ಯಾಟಿನ್ನು ಸಂಸ್ಕೃತದ ಮಗಳೆಂದು ತೋರುವುದು ಸಹಜ. ನಮ್ಮ ವಿದ್ಯಾವಂತರಲ್ಲಿಯೂ ಅನೇಕರು ಹಾಗೆಯೇ ನಂಬಿರುತ್ತಾರೆ. ಆ ನಂಬಿಕೆ ಎಷ್ಟು ದೃಢವಾದುದೆಂಬುದನ್ನು ಈ ಒಂದು ಶಬ್ದದಿಂದಲೇ ಪರೀಕ್ಷಿಸೋಣ.

ಮೊದಲು ಸಾಮ್ಯವನ್ನು ನೋಡೋಣ. ಕನ್ನಡದ 'ಹೊಸ' ಎಂಬುದು ಯಾವ ನಾಮಪದದೊಡನೆ ನಿಂತರೂ ಬದಲಾಗದು: ಹೊಸ ಮನೆ, ಹೊಸ ಮನೆಗೆ, ಹೊಸ ಮನೆಗಳು. ಲ್ಯಾಟಿನ್ನಿನಲ್ಲಾದರೋ, ಸಂಸ್ಕೃತದಲ್ಲಿರುವಂತೆ, ವಿಶೇಷಣವು ವಿಶೇಷ್ಯದ ಲಿಂಗ ವಚನ ವಿಭಕ್ತಿಗಳನ್ನು ಅನುಸರಿಸಬೇಕು. ಪುಲ್ಲಿಂಗದಲ್ಲಿ ನೊವುಸ್, ಸ್ತ್ರೀಲಿಂಗದಲ್ಲಿ ನೊವ, ನಪುಂಸಕದಲ್ಲಿ ನೊವುಮ್. ಸಂಸ್ಕೃತದಲ್ಲಿ ನವಃ, ನವಾ, ನವಮ್. ಅನುಸರಿಸಬೇಕಾದುದು ಲಿಂಗವನ್ನೇ ಹೊರತು ಪದಾಂತ್ಯದ ಧ್ವನಿಯನ್ನಲ್ಲ. ಕವಿ ಎಂಬರ್ಥದ 'ಪೊಯೇತ' ಅಕಾರಾಂತವಾದರೂ ಪುಲ್ಲಿಂಗ. ಆದುದರಿಂದ ಹೊಸ ಕವಿಯು 'ಪೊಯೇತ ನೊವುಸ್'.

ಇನ್ನು ಭೇದಗಳು. ಸಂಸ್ಕೃತದಲ್ಲಿ ತೃತೀಯೆಗೆ 'ನವೇನ', ಪಂಚಮಿಗೆ 'ನವಾತ್', ಸಪ್ತಮಿಗೆ 'ನವೇ' ಎಂದು ಬೇರೆ ಬೇರೆ ರೂಪಗಳಿವೆ. ಲ್ಯಾಟಿನ್ನಿನಲ್ಲಿ ಈ ಮೂರರ ಕೆಲಸವನ್ನೂ 'ನೊವೋ' ಎಂಬುದೊಂದೇ ಮಾಡುತ್ತದೆ. ಚತುರ್ಥಿಯ ರೂಪವೂ ಅದೇ. ಇಲ್ಲಿ ಲ್ಯಾಟಿನ್ನು ಕಳೆದುಕೊಂಡುದನ್ನು ಸಂಸ್ಕೃತವು ಕಾಪಾಡಿದೆ.

ಆದರೆ ಸ್ವರಗಳ ವಿಷಯದಲ್ಲಿ ಸಂಗತಿ ತಿರುಗುಮುರುಗಾಗುತ್ತದೆ. ಗ್ರೀಕಿನಲ್ಲಿ ಈ ಶಬ್ದ 'ನೆಒಸ್'. ಸಂಬೋಧನೆಯಲ್ಲಿ ಗ್ರೀಕಿನದು 'ನೆಎ', ಲ್ಯಾಟಿನ್ನಿನದು 'ನೊವೆ', ಸಂಸ್ಕೃತದ್ದು 'ನವ'. ಕನ್ನಡಿಗರಾದ ನಮಗೆ ಹ್ರಸ್ವ ಎಕಾರ ಒಕಾರಗಳು ಪರಿಚಿತವಾದವು. ಸಂಸ್ಕೃತದಲ್ಲಿ ಅವು ಇಲ್ಲ. ಸಂಸ್ಕೃತವೇ ತಾಯಿಯಾಗಿದ್ದರೆ, ಅದರ ಒಂದೇ ಅಕಾರವನ್ನು ಎಲ್ಲಿ ಎಕಾರವಾಗಿಯೂ ಎಲ್ಲಿ ಒಕಾರವಾಗಿಯೂ ನುಡಿಯಬೇಕೆಂಬುದು ಈ ಇಬ್ಬರು ಮಕ್ಕಳಿಗೂ ಒಂದೇ ರೀತಿಯಲ್ಲಿ ಹೇಗೆ ತಿಳಿಯಿತು? ಮೂಲದಲ್ಲಿ ಆ ಸ್ವರಗಳು ಬೇರೆ ಬೇರೆಯಾಗಿದ್ದು ಸಂಸ್ಕೃತದಲ್ಲಿ ಒಂದಾದುವೆಂಬುದೇ ಸಮಾಧಾನ. ಸಂಸ್ಕೃತದಲ್ಲಿಯೇ ಇದರ ಗುರುತುಂಟು: ಲ್ಯಾಟಿನ್ನಿನ 'ಕ್ವೆ' ಎಂಬುದಕ್ಕೆ ಸರಿಯಾದ ಸಂಸ್ಕೃತದ ಅವ್ಯಯ 'ಚ'. ಕವರ್ಗದ ಧ್ವನಿ ಇಲ್ಲಿ ಚಕಾರವಾದುದು ಮುಂದೆ ಹಿಂದೊಮ್ಮೆ ಇದ್ದ ಎಕಾರದ ಪ್ರಭಾವದಿಂದಲೇ.

ಆದುದರಿಂದ ವಿದ್ವಾಂಸರು ಊಹಿಸುವ ಮೂಲರೂಪವು 'ನೆವೊಸ್'. ಲ್ಯಾಟಿನ್ನಿನಲ್ಲಿ ವಕಾರದ ಹಿಂದಿನ ಎಕಾರವು ಒಕಾರವಾಗಿ 'ನೊವೊಸ್' ಎಂದಾಯಿತು. ಅದೇ ಅನಂತರ 'ನೊವುಸ್'. ಸಂಸ್ಕೃತ, ಗ್ರೀಕ್, ಲ್ಯಾಟಿನ್‌ಗಳು ಪ್ರಾಯಶಃ ಈಗ ಉಳಿದಿರದ ಒಂದು ಮೂಲದಿಂದ ಹುಟ್ಟಿರಬೇಕೆಂದು ಸರ್ ವಿಲಿಯಂ ಜೋನ್ಸರು 1786ರಲ್ಲಿ ಕಲ್ಕತ್ತೆಯಲ್ಲಿ ಹೇಳಿದರು. ಇದರಿಂದ ಸಂಸ್ಕೃತದ ಗೌರವಕ್ಕೆ ಕುಂದೇನೂ ಇಲ್ಲ. ತವರಿನ ಒಡವೆಗಳನ್ನು ಅಕ್ಕತಂಗಿಯರು ಹಂಚಿಕೊಂಡಿದ್ದಾರೆ. ವಿಭಕ್ತಿಗಳು ಒಬ್ಬಳಲ್ಲಿ, ಸ್ವರಗಳು ಇನ್ನೊಬ್ಬಳಲ್ಲಿ. ಎರಡನ್ನೂ ಕೂಡಿಸಿ ನೋಡಿದಾಗಲೇ ತಾಯಿಯ ರೂಪವು ನಮಗೆ ಗೋಚರವಾಗುವುದು.