ಆಕಾಶವಾಣಿಯ ತವರುಮನೆ

ಲೋಕೋಪಕಾರದ ಕಾರ್ಯಗಳಿಗೆಲ್ಲ ಸರ್ಕಾರವೇ ಮೊದಲು ಕೈಹಾಕಬೇಕೆಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಅದು ಎಷ್ಟು ದುರ್ಬಲವಾದುದೆಂಬುದಕ್ಕೆ ಮೈಸೂರಿನ ಡಾಕ್ಟರ್ ಎಂ. ವಿ. ಗೋಪಾಲಸ್ವಾಮಿಯವರ ಜೀವನವೇ ಸಾಕ್ಷಿ.

ಗೋಪಾಲಸ್ವಾಮಿಯವರು ವರ್ತಕರಲ್ಲ, ಯಂತ್ರವಿದ್ಯೆಯಿಂದ ಜೀವಿಸುವವರೂ ಅಲ್ಲ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನು ಬೋಧಿಸುತ್ತಿದ್ದ ಅಧ್ಯಾಪಕರು. ಲಂಡನ್ನಿನಲ್ಲಿ ಸ್ಪಿಯರ್‌ಮನ್ನರ ಬಳಿ ವ್ಯಾಸಂಗ ಮಾಡಿ ಬಂದು, 1924ರಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಆ ಶಾಸ್ತ್ರದ ವಿಭಾಗಕ್ಕೆ ತಳಹದಿ ಹಾಕಿದವರು. ಇಂತಹವರು 1935ರ ಸೆಪ್ಟೆಂಬರ್ 10ರಂದು ‘ವಿಠ್ಠಲ ವಿಹಾರ’ವೆಂಬ ಸ್ವಗೃಹದಲ್ಲಿ ಪ್ರಸಾರವನ್ನು ಆರಂಭಿಸಿದರು. ಯಂತ್ರದ ಶಕ್ತಿ ಕೇವಲ 30 ವ್ಯಾಟು. ಹಿಂದಿನ ಕಾಲದ ವಿದ್ಯುದ್ದೀಪವೊಂದಕ್ಕೂ ಇದಕ್ಕಿಂತ ಹೆಚ್ಚು ಬೇಕಾಗುತ್ತಿತ್ತು! ಆದರೂ ಅದರ ಬೆಳಕು ನಾಡನ್ನು ಮುಟ್ಟಿತು. ‘ಆಲ್ ಇಂಡಿಯಾ ರೇಡಿಯೊ’ ಎಂಬ ಹೆಸರು ಹುಟ್ಟಿದ್ದು 1936ರ ಜೂನ್‌ನಲ್ಲಿ. ಅದಕ್ಕೆ ಮುನ್ನವೇ ಮೈಸೂರಿನ ಮನೆಯೊಂದರಿಂದ ಕನ್ನಡದ ನುಡಿಯೂ ಗಾನವೂ ಹೊರಟಿದ್ದವು.

ಮುಂದೆ 250 ವ್ಯಾಟಿನ ಯಂತ್ರ ಬಂದಿತು. ನಗರಸಭೆಯ ನೆರವೂ ದೊರೆಯಿತು. ಅಷ್ಟಾದರೂ ಭಾರದ ಬಹುಭಾಗವನ್ನು ಹೊತ್ತವರು ಗೋಪಾಲಸ್ವಾಮಿಯವರೇ. 1942ರಲ್ಲಿ ಮೈಸೂರು ಸಂಸ್ಥಾನವು ನಿಲಯವನ್ನು ವಹಿಸಿಕೊಂಡಿತು. 1950ರಲ್ಲಿ ಅದು ಕೇಂದ್ರ ಸರ್ಕಾರದ ಕೈಸೇರಿತು. 1955ರಲ್ಲಿ ಬೆಂಗಳೂರಿಗೆ ಸಾಗಿಹೋಯಿತು. ಮೈಸೂರು ತಾನೇ ಹೆತ್ತ ಧ್ವನಿಯನ್ನು ಕಳೆದುಕೊಂಡು, ಬಹುಕಾಲದ ಮೇಲೆ ಮತ್ತೊಂದು ನಿಲಯವನ್ನು ಪಡೆಯಬೇಕಾಯಿತು.

ಈ ನಿಲಯವು ಧರಿಸಿದ್ದ ‘ಆಕಾಶವಾಣಿ’ ಎಂಬ ನಾಮವನ್ನೇ ಮುಂದೆ ಇಡೀ ರಾಷ್ಟ್ರವು ಅಂಗೀಕರಿಸಿತು. 2023ರಲ್ಲಿ ಪ್ರಸಾರ ಭಾರತಿಯು ಆಂಗ್ಲ ನಾಮವನ್ನು ಬಿಟ್ಟು ಇದೊಂದನ್ನೇ ಬಳಸತಕ್ಕದ್ದೆಂದು ವಿಧಿಸಿತು. ಸಂತೋಷವೇ ಸರಿ. ಆದರೆ ಹೆಸರನ್ನು ಉಳಿಸಿಕೊಂಡು ಅದರ ಹಿಂದಿದ್ದ ತತ್ತ್ವವನ್ನು ಮರೆತರೆ ಪ್ರಯೋಜನವೇನು? ಊರಿನ ವಿದ್ವಾಂಸರೂ ಗಾಯಕರೂ ಊರಿನ ಜನಕ್ಕೆ ಊರಿನ ನುಡಿಯಲ್ಲಿ ಮಾತನಾಡಬೇಕೆಂಬುದೇ ಆ ತತ್ತ್ವ. ರಾಜಧಾನಿಯಲ್ಲಿ ಸಿದ್ಧವಾದ ಒಂದೇ ಕಾರ್ಯಕ್ರಮವನ್ನು ಎಲ್ಲ ಊರುಗಳಿಗೂ ಹಂಚುವುದರಿಂದ ಖರ್ಚು ಕಡಿಮೆಯಾದೀತು, ನಿಜ. ಆದರೆ ಊರಿನ ಮಗುವಿಗೆ ತನ್ನ ಮಾತು ಬಾನಿನಿಂದ ಕೇಳುವ ಭಾಗ್ಯ ತಪ್ಪುತ್ತದೆ.

ಅಧಿಕಾರಿಗಳು ಇದನ್ನು ಲಕ್ಷಿಸಲಿ. ಪೌರರೂ ಅಪ್ಪಣೆಗಾಗಿ ಕಾದು ಕುಳಿತಿರದೆ, ತಮ್ಮ ಊರಿನ ನಿಲಯಕ್ಕೆ ಕಿವಿಯನ್ನೂ ಕಂಠವನ್ನೂ ಒದಗಿಸಲಿ. ಗೋಪಾಲಸ್ವಾಮಿಯವರಿಗೆ ಸಲ್ಲುವ ನಿಜವಾದ ಸ್ಮಾರಕ ಅದೇ.