ಎದುರಿನವರ ಮಾತು ಮೊದಲು

ನಮ್ಮ ತರಗತಿಯ ಕಿಟಕಿ ಪಕ್ಕದಲ್ಲಿ ಒಂದು ದಪ್ಪ ವಹಿ ಇದೆ. ವಾರಕ್ಕೆ ಇಬ್ಬರು ಅದರಲ್ಲಿ ಒಂದೊಂದು ಪುಟ ಬರೀಬೇಕು. ಉಳಿದವರು ಓದಿ, ಅದರ ಕೆಳಗೇ ಉತ್ತರ ಬರೀಬೇಕು. ವಿಷಯ ನಮ್ಮ ಊರುಗಳದ್ದೇ ಆಗಿರಬೇಕು ಅನ್ನೋದೊಂದೇ ಷರತ್ತು. ಕನ್ನಡ ಬರವಣಿಗೆ ಸುಧಾರಿಸಲಿ ಅಂತ ಇದನ್ನು ಶುರು ಮಾಡಿದೆವು. ಆದರೆ ಕಲಿತದ್ದು ಅದಕ್ಕಿಂತ ದೊಡ್ಡದು: ಒಪ್ಪದವರೂ ಕೇಳುವಂತೆ ಮಾತು ಕಟ್ಟುವ ಕಲೆ.

ಪರೀಕ್ಷೆಯಲ್ಲಿ ನಾವು ಬರೆದದ್ದನ್ನು ಓದುವವರು ಒಬ್ಬರೇ, ಅವರಿಗೆ ಉತ್ತರ ಮೊದಲೇ ಗೊತ್ತಿರುತ್ತದೆ. ಹಾಗಾಗಿ ಯಾರನ್ನೂ ಒಪ್ಪಿಸುವ ಗೋಜಿಲ್ಲ. ವಹಿಯಲ್ಲಿ ಹಾಗಲ್ಲ. ಬನಹಟ್ಟಿಯ ಹುಡುಗಿ ಮಗ್ಗದ ಬಗ್ಗೆ ಬರೆದರೆ, ಜಮಖಂಡಿಯ ಕಬ್ಬು ಬೆಳೆಯುವ ಮನೆಯ ಹುಡುಗನಿಗೆ ಹಾಸು ಯಾವುದು, ಹೊಕ್ಕು ಯಾವುದು ಗೊತ್ತಿಲ್ಲ. ಅವನು ಕಬ್ಬಿನ ಇಳುವರಿಗೂ ಸಕ್ಕರೆಯ ಇಳುವರಿಗೂ ಇರುವ ವ್ಯತ್ಯಾಸ ಬಿಡಿಸಿ ಹೇಳದಿದ್ದರೆ ದರದ ಜಗಳ ಅವಳಿಗೆ ತಿಳಿಯೋದಿಲ್ಲ. ಓದುವವರು ಯಾರು, ಅವರಿಗೆ ಏನು ಗೊತ್ತಿದೆ, ಏನು ಗೊತ್ತಿಲ್ಲ? ಮಾತಿನ ಕಲೆಯ ಮೊದಲ ಪಾಠ ಇದೇ.

ಎರಡನೇ ಪಾಠ ಕಲಿತದ್ದು ಜಗಳದಿಂದ. ಬೀಳಗಿ ಕಡೆಯ ಗೆಳೆಯನೊಬ್ಬ ಮುಳುಗಡೆಯ ಬಗ್ಗೆ ಬರೆದ. ಆಲಮಟ್ಟಿಯಲ್ಲಿ ಈಗ 519.60 ಮೀಟರ್‌ವರೆಗೆ ನೀರು ನಿಲ್ಲಿಸುತ್ತಾರೆ. 2010ರಲ್ಲಿ ಕೃಷ್ಣಾ ಎರಡನೇ ನ್ಯಾಯಮಂಡಳಿ 524.256 ಮೀಟರ್‌ವರೆಗೆ ನಿಲ್ಲಿಸಲು ಒಪ್ಪಿತು. ಕಾಗದದ ಮೇಲೆ ಇದು ನಾಲ್ಕೂವರೆ ಮೀಟರ್ ಚಿಲ್ಲರೆ ಅಷ್ಟೇ. ಹಿನ್ನೀರಿನ ದಂಡೆಯಲ್ಲಿ ಇರುವವರಿಗೆ ಅದು ಮನೆ, ಹೊಲ, ಗುಡಿ. ಅವನ ಪುಟದ ತುಂಬ ಸಿಟ್ಟು ಇತ್ತು. ವಿಜಯಪುರ ಜಿಲ್ಲೆಯ ಒಣಭೂಮಿ ಕಡೆಯ ಇನ್ನೊಬ್ಬ ಗೆಳೆಯ ಅಷ್ಟೇ ಸಿಟ್ಟಿನಿಂದ ಉತ್ತರಿಸಿದ: "ನಿಮ್ಮ ಊರು ಉಳೀಲಿ, ನಮ್ಮ ಹೊಲ ಒಣಗಲಿ ಅಂತೀಯೇನು?" ನಾಲ್ಕು ಪುಟ ಇದೇ ನಡೀತು. ಇಬ್ಬರ ಮಾತೂ ಇನ್ನೊಬ್ಬರಿಗೆ ಮುಟ್ಟಲಿಲ್ಲ. ಮಾತಾಡೋದನ್ನೇ ಬಿಟ್ಟರು.

ಆಗ ನಮಗೆ ನೆನಪಾದದ್ದು ಜಾತ್ರೆಯ ಹರದೇಶಿ-ನಾಗೇಶಿ ಹಾಡಿಕೆ. ಒಂದು ಮೇಳ ಗಂಡು ಹೆಚ್ಚು ಅಂದರೆ, ಇನ್ನೊಂದು ಹೆಣ್ಣು ಹೆಚ್ಚು ಅನ್ನುತ್ತದೆ. ರಾತ್ರಿಯಿಡೀ ಸವಾಲು-ಜವಾಬು. ಎದುರಿನ ಮೇಳ ಒಡ್ಡಿದ ಸವಾಲನ್ನು ಬಿಡಿಸದೆ ತಮ್ಮದೇ ಹಾಡಿಕೊಂಡು ಹೋದರೆ ಕೇಳುವ ಮಂದಿ ಸುಮ್ಮನಿರೋದಿಲ್ಲ. ಅಂದರೆ, ಜವಾಬು ಕೊಡಬೇಕಾದರೆ ಸವಾಲನ್ನು ಪೂರ್ತಿ ಕೇಳಿಸಿಕೊಂಡಿರಬೇಕು. ನಾವೂ ವಹಿಗೆ ಅದೇ ನಿಯಮ ತಂದೆವು: ಮೊದಲು ಎದುರಿನವರ ವಾದವನ್ನು ಅವರೇ "ಹೌದು, ನಾ ಹೇಳಿದ್ದು ಇದೇ" ಅನ್ನುವಂತೆ ಬರೀಬೇಕು. ಆಮೇಲೆ ನಿಮ್ಮ ಮಾತು.

ಈ ಕಲೆಯಲ್ಲಿ ನಮ್ಮ ನೆಲಕ್ಕೆ ಸಾವಿರ ವರ್ಷದ ಹಿರಿಯನಿದ್ದಾನೆ. 949ರಲ್ಲಿ ಮುಧೋಳದಲ್ಲಿ ಹುಟ್ಟಿದ ರನ್ನ 'ಗದಾಯುದ್ಧ' ಬರೆದದ್ದು ತನ್ನ ಆಶ್ರಯದಾತ ಸತ್ಯಾಶ್ರಯನನ್ನು ಭೀಮನಿಗೆ ಹೋಲಿಸಿ. ಭೀಮ ಗೆಲ್ಲಲೇಬೇಕಾದ ಕಾವ್ಯ ಅದು. ಆದರೂ ದುರ್ಯೋಧನನ ಮಾತನ್ನು ರನ್ನ ತೆಳುಮಾಡಲಿಲ್ಲ. ಅವನ ಛಲ, ತಮ್ಮನನ್ನೂ ಕರ್ಣನನ್ನೂ ಕಳಕೊಂಡ ದುಃಖ ಎಲ್ಲಕ್ಕೂ ಪೂರ್ತಿ ದನಿ ಕೊಟ್ಟ. ಎದುರಾಳಿ ಗಟ್ಟಿಯಾಗಿದ್ದರಿಂದಲೇ ಭೀಮನ ಗೆಲುವಿಗೂ ತೂಕ ಬಂತು.

ಬೀಳಗಿಯ ಗೆಳೆಯ ಮತ್ತೆ ಬರೆದ. ಒಣಭೂಮಿಗೆ ನೀರು ಬೇಕೇ ಬೇಕು ಅಂತ ಒಪ್ಪಿಕೊಂಡೇ ಶುರು ಮಾಡಿದ. ಆಮೇಲೆ ಕೇಳಿದ: ಪರಿಹಾರದ ದುಡ್ಡು ಬಂದರೂ ಅಷ್ಟೇ ಹೊಲ ಎಲ್ಲಿ ಸಿಗುತ್ತದೆ? ಓಣಿಯ ಮಂದಿ ಒಂದೇ ಕಡೆ ಉಳೀತಾರೇನು? ಈ ಸಲ ಬಂದ ಉತ್ತರದಲ್ಲಿ ಸಿಟ್ಟಿರಲಿಲ್ಲ. "ಮೊದಲು ಊರು ಕಟ್ಟಲಿ, ಆಮೇಲೆ ನೀರು ನಿಲ್ಲಿಸಲಿ. ಅಲ್ಲೀತನಕ ನಾವೂ ಕಾಯಬೇಕು" ಅಂತ ಬರೆದಿದ್ದ. ಎತ್ತರದ ವಿಷಯದಲ್ಲಿ ಇಬ್ಬರಿಗೂ ಇನ್ನೂ ಒಮ್ಮತವಿಲ್ಲ. ಆದರೆ ಊಟಕ್ಕೆ ಮತ್ತೆ ಕೂಡಿ ಹೋಗುತ್ತಾರೆ.

ನಾಳೆ ನಮ್ಮಲ್ಲೇ ಯಾರೋ ಎಂಜಿನಿಯರ್ ಆಗಿ, ನಕಾಶೆ ಹಿಡಿದು ಒಂದು ಊರಿನ ಕಟ್ಟೆಯ ಮುಂದೆ ನಿಂತು ಯೋಜನೆ ವಿವರಿಸಬೇಕಾಗುತ್ತದೆ. ಲೆಕ್ಕ ಸರಿಯಿದ್ದರಷ್ಟೇ ಸಾಲದು. ಕಟ್ಟೆಯ ಮೇಲೆ ಕೂತ ಅಜ್ಜನ ಸವಾಲನ್ನು ಮೊದಲು ಅವನ ಮಾತಿನಲ್ಲೇ ಹೇಳಲು ಬರಬೇಕು. ಅದನ್ನು ಕಲಿಯಲು ನಮಗೆ ಬೇಕಾದದ್ದು ಒಂದು ಇನ್ನೂರು ಪುಟದ ವಹಿ. ನಿಮ್ಮ ತರಗತಿಯಲ್ಲೂ ಒಂದು ಇಟ್ಟು ನೋಡಿ.